ಮೊದಲು ನಿಲ್ಲಲಿ, ಆಮೇಲೆ ಓಡಲಿ

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಭೌತಶಾಸ್ತ್ರವನ್ನು ಓದಿ, ಈಗ ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ ಉದ್ಯೋಗದಲ್ಲಿರುವ ತರುಣರೊಬ್ಬರಿಂದ ಕಳೆದ ಬೇಸಿಗೆಯಲ್ಲಿ ನಮಗೊಂದು ಪತ್ರ ಬಂದಿತು. ಪತ್ರಕ್ಕಿಂತ ಅದರೊಡನೆ ಬಂದಿದ್ದ ಪಟ್ಟಿಯೇ ಉದ್ದವಾಗಿದ್ದಿತು. ಅವರು 1967ರಲ್ಲಿ ತಯಾರಾದ, ಎರಡೇ ಆಸನಗಳುಳ್ಳ, ಎಂ.ಜಿ.ಬಿ. ಎಂಬ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದಾರೆ. ಹವ್ಯಾಸಿಗಳ ಮೋಟಾರು ಪಂದ್ಯಗಳಲ್ಲಿ ಅದನ್ನು ಓಡಿಸಬೇಕೆಂಬುದು ಅವರ ಆಸೆ. ಅದಕ್ಕಾಗಿ ಏನೇನನ್ನು ಯಾವ ಕ್ರಮದಲ್ಲಿ ಕೊಳ್ಳಬೇಕೆಂದು ಬರೆದು, ನಮ್ಮ ಅಭಿಪ್ರಾಯವನ್ನು ಕೇಳಿದ್ದರು. ಪಟ್ಟಿಯ ತಲೆಯಲ್ಲಿ ಇದ್ದವು ಹೊಸ ಕ್ಯಾಮ್ ದಂಡ, ದೊಡ್ಡ ಕಾರ್ಬುರೇಟರು, ಹೊಗೆಯನ್ನು ಸರಾಗವಾಗಿ ಹೊರಹಾಕುವ ಕೊಳವೆಗಳು, ಹೆಚ್ಚಿನ ಒತ್ತಡಕ್ಕೆ ಕೊರೆದ ಸಿಲಿಂಡರಿನ ತಲೆ. ಬ್ರೇಕು ಇದ್ದುದು ಹನ್ನೊಂದನೆಯ ಸಾಲಿನಲ್ಲಿ. ಅದರ ಮುಂದೆ ‘ಹಣ ಉಳಿದರೆ’ ಎಂಬ ಟಿಪ್ಪಣಿ.

ನಾವು ಮರುದಿನವೇ ಪಟ್ಟಿಯನ್ನು ತಲೆಕೆಳಗು ಮಾಡಿ ಹಿಂದಕ್ಕೆ ಕಳುಹಿಸಿದೆವು. ನಮ್ಮ ತರಗತಿಯಲ್ಲಿ ಚಲನಶಕ್ತಿಯ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡುತ್ತಿದ್ದ ವಿದ್ಯಾರ್ಥಿಯೇ ಇಂಥ ಪಟ್ಟಿಯನ್ನು ಬರೆದನಲ್ಲಾ ಎಂಬ ಕೊರಗು ಮಾತ್ರ ನಮ್ಮನ್ನು ಬಿಡಲಿಲ್ಲ. ಆ ಕೊರಗೇ ಈ ಲೇಖನಕ್ಕೆ ಕಾರಣ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ‘ರೋಡ್ ರೇಸಿಂಗ್’ ಎಂದು ಅಲ್ಲಿ ಕರೆಯುವ ಈ ಕ್ರೀಡೆಗೆ ಇಂದು ಸಾರ್ವಜನಿಕ ರಸ್ತೆಯೊಡನೆ ಇರುವುದು ಹೆಸರಿನ ನಂಟು ಮಾತ್ರ. ಎಡಕ್ಕೂ ಬಲಕ್ಕೂ ತಿರುಗುವ, ಏರು ತಗ್ಗುಗಳುಳ್ಳ, ರಸ್ತೆಯ ಹಾಗೆ ಕಾಣುವ, ಆದರೆ ಸುತ್ತ ಬೇಲಿಯುಳ್ಳ ಓಟದ ಪಥಗಳಲ್ಲಿ ಅದು ನಡೆಯುತ್ತದೆ. ಹಿಂದೆ ಹೀಗಿರಲಿಲ್ಲ. ನ್ಯೂಯಾರ್ಕ್ ಸಂಸ್ಥಾನದ ವಾಟ್ಕಿನ್ಸ್ ಗ್ಲೆನ್ ಎಂಬ ಊರಿನಲ್ಲಿ 1948ರಲ್ಲಿ ಪಂದ್ಯಗಳು ಪ್ರಾರಂಭವಾದಾಗ ಕಾರುಗಳು ಊರಿನ ಬೀದಿಗಳಲ್ಲಿಯೇ ಓಡಿದವು. ಜನರು ಅಂಗಡಿಗಳ ಮುಂದಿನ ಜಗಲಿಗಳಲ್ಲಿ ನಿಂತು ನೋಡಿದರು. 1952ರಲ್ಲಿ ಓಟದ ಕಾರೊಂದು ಹಾಗೆ ನಿಂತಿದ್ದ ಜನರಿಗೆ ಸವರಿಕೊಂಡು ಹೋಗಿ, ಏಳು ವರ್ಷದ ಬಾಲಕನೊಬ್ಬನು ಸತ್ತನು. ಅನಂತರ ಓಟವನ್ನು ಊರಿನ ನಡುವಿನಿಂದ ಹೊರಕ್ಕೆ ಒಯ್ದರು. 1956ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಪಥ ನಿರ್ಮಾಣವಾಯಿತು. 1944ರಲ್ಲಿ ಸ್ಥಾಪಿತವಾದ ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬು ಇಂದು ಹವ್ಯಾಸಿಗಳಿಗೆ ಪರವಾನಗಿಯನ್ನು ಕೊಡುವ ಮುನ್ನ ಶಿಕ್ಷಣ ಶಿಬಿರಕ್ಕೆ ಕಳುಹಿಸುತ್ತದೆ. ಪಂದ್ಯಕ್ಕೆ ಇಳಿಯುವ ಕಾರನ್ನು ಪರೀಕ್ಷಕರು ತಡವಿ, ತಟ್ಟಿ ನೋಡುತ್ತಾರೆ. ಈ ನಿಯಮಗಳು ಯಾರದೋ ಮೇಜಿನ ಮೇಲೆ ಹುಟ್ಟಿದವಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಇನ್ನು ಕಾರಿನ ವಿಚಾರ. ಎಂ.ಜಿ.ಬಿ. ಇಂಗ್ಲೆಂಡಿನ ಆಬಿಂಗ್‌ಡನ್ ಊರಿನಲ್ಲಿ 1962ರಿಂದ 1980ರ ವರೆಗೆ ತಯಾರಾಯಿತು. ಐದು ಲಕ್ಷಕ್ಕೂ ಮಿಕ್ಕಿ ತಯಾರಾದುದರಿಂದ ಬಿಡಿಭಾಗಗಳಿಗೆ ಇಂದಿಗೂ ಬರವಿಲ್ಲ. ಹವ್ಯಾಸಿಗಳು ಅದನ್ನು ಮೆಚ್ಚುವುದಕ್ಕೆ ಇದೊಂದು ಮುಖ್ಯ ಕಾರಣ. ನಮ್ಮ ಓದುಗರಿಗೆ ಅದು ತೀರ ಅಪರಿಚಿತವೂ ಅಲ್ಲ. 1798 ಘನ ಸೆಂಟಿಮೀಟರಿನ ಅದರ ಎಂಜಿನ್ನು, ನಮ್ಮ ಅಂಬಾಸಿಡರ್ ಕಾರಿನಲ್ಲಿ ಬಹುಕಾಲ ದುಡಿದ 1489 ಘನ ಸೆಂಟಿಮೀಟರಿನ ಎಂಜಿನ್ನಿಗೆ ಒಡಹುಟ್ಟು; ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ವಂಶದವು. ಅಂಬಾಸಿಡರನ್ನು ಬಿಚ್ಚಿ ಜೋಡಿಸಿದ ನಮ್ಮ ಮೇಸ್ತ್ರಿಗೆ ಎಂ.ಜಿ.ಬಿ.ಯ ಮುಚ್ಚಳವನ್ನು ತೆರೆದು ತೋರಿಸಿದರೆ ಅವರು ಗಾಬರಿಯಾಗಲಾರರು. ಈ ಎಂಜಿನ್ನು ಹೊಸದಾಗಿದ್ದಾಗ ಸುಮಾರು 95 ಅಶ್ವಶಕ್ತಿಯನ್ನು ಕೊಡುತ್ತಿದ್ದಿತು. ಕಾರು ಗಂಟೆಗೆ 160 ಕಿಲೋಮೀಟರಿನ ಆಚೀಚೆ ಓಡಬಲ್ಲದು.

ಈಗ ಪೆನ್ಸಿಲು ಹಿಡಿಯಿರಿ. ಚಾಲಕನೂ ಪೆಟ್ರೋಲೂ ಸೇರಿ ಕಾರಿನ ದ್ರವ್ಯರಾಶಿ 1000 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ನೇರವಾದ ಹಾದಿಯ ಕೊನೆಯಲ್ಲಿ ಅದರ ವೇಗ ಗಂಟೆಗೆ 160 ಕಿಲೋಮೀಟರು, ಅಂದರೆ ಸೆಕೆಂಡಿಗೆ 44.4 ಮೀಟರು. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಚಲನಶಕ್ತಿ ಸುಮಾರು 9.9 ಲಕ್ಷ ಜೂಲ್ ಆಗುತ್ತದೆ. ಮುಂದಿನ ತಿರುವಿಗಾಗಿ ವೇಗವನ್ನು 80 ಕಿಲೋಮೀಟರಿಗೆ ಇಳಿಸಬೇಕು. ವೇಗ ಅರ್ಧವಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುವುದರಿಂದ, ಮುಕ್ಕಾಲು ಭಾಗವನ್ನು, ಎಂದರೆ 7.4 ಲಕ್ಷ ಜೂಲನ್ನು, ಕಳೆಯಬೇಕಾಯಿತು. ಇಷ್ಟು ಶಕ್ತಿ ಕೋಣೆಯ ಉಷ್ಣತೆಯಲ್ಲಿರುವ ಎರಡು ಲೀಟರಿಗೂ ಹೆಚ್ಚಿನ ನೀರನ್ನು ಕುದಿಯುವ ಬಿಂದುವಿಗೆ ತರಬಲ್ಲದು. ಪಂದ್ಯಗಾರನಾದವನು ಇದನ್ನು ಆರಾಮವಾಗಿ ಕಳೆಯುವಂತಿಲ್ಲ. ಸೆಕೆಂಡಿಗೆ 8 ಮೀಟರಿನಂತೆ ವೇಗವನ್ನು ಕುಗ್ಗಿಸಿದರೆ ಮೂರು ಸೆಕೆಂಡು ಕೂಡ ತುಂಬುವುದಿಲ್ಲ. 7.4 ಲಕ್ಷವನ್ನು 2.8 ಸೆಕೆಂಡುಗಳಿಂದ ಭಾಗಿಸಿ, 746ರಿಂದ ಮತ್ತೊಮ್ಮೆ ಭಾಗಿಸಿರಿ. ಸುಮಾರು 350 ಅಶ್ವಶಕ್ತಿ!

ಇದರಲ್ಲಿ ಗಾಳಿಯ ತಡೆಗೆ ಸಲ್ಲುವ ಪಾಲನ್ನು ಕಳೆದರೂ ಮಾತಿನ ಹುರುಳು ಬದಲಾಗದು. ಈ ಪುಟ್ಟ ಕಾರಿನಲ್ಲಿರುವ ಅತ್ಯಂತ ಬಲಿಷ್ಠವಾದ ಯಂತ್ರ ಎಂಜಿನ್ನಲ್ಲ, ಬ್ರೇಕು. ಎಂಜಿನ್ನು ಅರ್ಧ ನಿಮಿಷ ಏದುಸಿರುಬಿಟ್ಟು ಗಳಿಸಿಕೊಟ್ಟುದನ್ನು ಅದು ಮೂರು ಸೆಕೆಂಡುಗಳಲ್ಲಿ ಶಾಖವಾಗಿ ಕರಗಿಸಬೇಕು. ಹೀಗಿರಲು 95 ಅಶ್ವಶಕ್ತಿಯನ್ನು 115 ಮಾಡುವುದಕ್ಕೆ ಸಾವಿರಾರು ಡಾಲರು ಸುರಿದು, 350 ಅಶ್ವಶಕ್ತಿಯ ಯಂತ್ರವನ್ನು ‘ಹಣ ಉಳಿದರೆ’ ಎಂದು ಬಿಡುವುದು ಎಂಥ ಲೆಕ್ಕ?

ಆ ಶಾಖವೆಲ್ಲ ಹೋಗುವುದೆಲ್ಲಿಗೆ ಎಂದು ಸ್ವಲ್ಪ ಹಿಂಬಾಲಿಸೋಣ. ನಿಲ್ಲಿಸುವಾಗ ಕಾರು ಮೂಗು ತಗ್ಗಿಸುವುದನ್ನು ಎಲ್ಲರೂ ಕಂಡಿದ್ದಾರೆ; ಭಾರ ಮುಂದಿನ ಗಾಲಿಗಳ ಮೇಲೆ ಬೀಳುವುದರಿಂದ ಕೆಲಸದ ಮುಕ್ಕಾಲುಪಾಲಿನಷ್ಟು ಅಲ್ಲಿಯೇ ನಡೆಯುತ್ತದೆ. ಒಂದೊಂದು ಮುಂಗಾಲಿಯ ತಟ್ಟೆಗೂ ಸುಮಾರು 2.6 ಲಕ್ಷ ಜೂಲ್ ಬಂದಿತೆನ್ನೋಣ. ಅದನ್ನು ಹೀರುವ ಎರಕದ ಕಬ್ಬಿಣ 4 ಕಿಲೋಗ್ರಾಂ ಇದ್ದರೆ, ಕಬ್ಬಿಣದ ವಿಶಿಷ್ಟೋಷ್ಣವನ್ನು ಹಾಕಿ ನೋಡಿ, ಒಂದೇ ಸಲಕ್ಕೆ ಉಷ್ಣತೆ 140 ಡಿಗ್ರಿಗಳಷ್ಟು ಏರುತ್ತದೆ. ಅದು ಆರುವ ಮುನ್ನವೇ ಮುಂದಿನ ತಿರುವು, ಅದರಾಚೆ ಇನ್ನೊಂದು. ಐದಾರು ಸುತ್ತು ಕಳೆಯುವುದರೊಳಗೆ ತಟ್ಟೆ ನೂರಾರು ಡಿಗ್ರಿಗಳಲ್ಲಿ ನಿಲ್ಲುತ್ತದೆ. ಸಂತೆಗೆ ಹೋಗಿಬರುವ ಗಾಡಿಗೆಂದು ಮಾಡಿದ ಬ್ರೇಕಿನ ಗಟ್ಟಿ ಆ ಬಿಸಿಯಲ್ಲಿ ಹಿಡಿತ ಕಳೆದುಕೊಂಡು ಜಾರತೊಡಗುತ್ತದೆ.

ಗಟ್ಟಿ ಜಾರುವುದಕ್ಕಿಂತಲೂ ಭಯಂಕರವಾದುದು ದ್ರವ ಕುದಿಯುವುದು. ಕಾಲಿನ ಒತ್ತಡವನ್ನು ಗಾಲಿಗೆ ಮುಟ್ಟಿಸುವ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ದುರ್ಗುಣವಿದೆ. ನಾಲ್ಕನೆಯ ದರ್ಜೆಯ ದ್ರವ ಹೊಸದರಲ್ಲಿ ಕನಿಷ್ಠಪಕ್ಷ 230 ಡಿಗ್ರಿ ಸೆಲ್ಸಿಯಸಿನ ವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲಿನ ನಿಯಮ 155 ಡಿಗ್ರಿ ಮಾತ್ರ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆದುದರಿಂದಲೇ ಬ್ರೇಕು ಹಿಡಿಯುತ್ತದೆ. ಆವಿಯನ್ನಾದರೋ ಸುಲಭವಾಗಿ ಕುಗ್ಗಿಸಬಹುದು. ದ್ರವದ ನಡುವೆ ಆವಿಯ ಗುಳ್ಳೆಯೊಂದು ಹುಟ್ಟಿತೆಂದರೆ ಚಾಲಕನ ಕಾಲು ಗುಳ್ಳೆಯನ್ನು ಒತ್ತುತ್ತದೆ, ಗಾಲಿಯನ್ನಲ್ಲ.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ಬಿ.ಎಸ್‌ಸಿ. ಓದುತ್ತಿದ್ದಾಗ ಐವರು ಗೆಳೆಯರು ಹಳೆಯ ಕಾರೊಂದರಲ್ಲಿ ಆಗುಂಬೆಯ ಘಾಟಿಯನ್ನು ಇಳಿಯುತ್ತಿದ್ದೆವು. ಎಂಜಿನ್ನಿನ ತಡೆಯನ್ನು ಉಪಯೋಗಿಸದೆ ಬರಿಯ ಬ್ರೇಕಿನ ಮೇಲೆ ಇಳಿದುದು ಒಂದು ತಪ್ಪು. ಅದರ ದ್ರವವನ್ನು ವರ್ಷಗಟ್ಟಲೆ ಬದಲಿಸದೆ ಇದ್ದುದು ಇನ್ನೊಂದು. ಹದಿನಾಲ್ಕು ತಿರುವುಗಳಲ್ಲಿ ಎಂಟನೆಯದೋ ಒಂಬತ್ತನೆಯದೋ ಬಂದಾಗ, ಓಡಿಸುತ್ತಿದ್ದ ಗೆಳೆಯನ ಕಾಲು ತಳಕ್ಕೆ ಮುಟ್ಟಿತು, ಕಾರು ನಿಲ್ಲಲಿಲ್ಲ. ಅವನು ಕೂಗಿಕೊಳ್ಳಲೂ ಇಲ್ಲ. ಕೈಬ್ರೇಕನ್ನು ಎಳೆದು ಗಾಡಿಯನ್ನು ಬೆಟ್ಟದ ಕಡೆಯ ಚರಂಡಿಗೆ ಇಳಿಸಿದನು. ಮುಂದಿನ ದೀಪ ಒಡೆಯಿತು, ನಮ್ಮ ಹಣೆಗಳಲ್ಲಿ ಎರಡು ಊದಿಕೊಂಡವು, ಅಷ್ಟೆ. ಅರ್ಧ ಗಂಟೆ ಕಳೆದ ಮೇಲೆ ನೋಡಿದರೆ ಬ್ರೇಕಿನ ಪೆಡಲು ತಾನಾಗಿಯೇ ಗಟ್ಟಿಯಾಗಿದೆ! ನಮ್ಮಲ್ಲಿ ಇಬ್ಬರು ಅದನ್ನು ದೇವರ ಮಹಿಮೆ ಎಂದರು. ಆವಿ ಆರಿ ಮರಳಿ ದ್ರವವಾಯಿತೆಂದು ನಾವು ವಿವರಿಸಹೊರಟಾಗ ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಹೀಗಾಗಿ ನಮ್ಮ ವಿದ್ಯಾರ್ಥಿಗೆ ಬರೆದುದರಲ್ಲಿ ಮೊದಲನೆಯದು ಇದು. ಕೊಳವೆಗಳನ್ನೂ ರಬ್ಬರಿನ ಮುದ್ರಿಕೆಗಳನ್ನೂ ಸಂಪೂರ್ಣವಾಗಿ ಹೊಸದು ಮಾಡಬೇಕು. ಹೆಚ್ಚಿನ ಉಷ್ಣತೆಯಲ್ಲಿ ಕುದಿಯುವ ಪಂದ್ಯದ ದ್ರವವನ್ನು ತುಂಬಿ ಆಗಾಗ ಬದಲಿಸಬೇಕು. ಬಿಸಿಯನ್ನು ತಾಳುವ ಗಟ್ಟಿಗಳನ್ನು ಹಾಕಬೇಕು. ಇವು ತಣ್ಣಗಿದ್ದಾಗ ಸರಿಯಾಗಿ ಹಿಡಿಯವು, ಆದುದರಿಂದ ಪೇಟೆಯ ರಸ್ತೆಗೆ ಅಲ್ಲ. ಕಾರಿನ ಮೂತಿಯಿಂದ ತಟ್ಟೆಗಳಿಗೆ ಗಾಳಿ ಒಯ್ಯುವ ಅಗಲವಾದ ಕೊಳವೆಗಳನ್ನು ಜೋಡಿಸಬೇಕು; ಇದಕ್ಕೆ ತಗಲುವ ವೆಚ್ಚ ಊಟದ ಖರ್ಚಿನಷ್ಟು, ಫಲ ಮಾತ್ರ ಬಹಳ. ಮುಖ್ಯವಾಗಿ, 1967ರ ಕಾರಿನಲ್ಲಿ ನಾಲ್ಕು ಗಾಲಿಗಳಿಗೂ ದ್ರವದ ಮಾರ್ಗ ಒಂದೇ. ಎಲ್ಲಿಯಾದರೂ ಸೋರಿತೆಂದರೆ ಎಲ್ಲ ಬ್ರೇಕೂ ಹೋಯಿತು. ಮುಂದಕ್ಕೊಂದು ಹಿಂದಕ್ಕೊಂದು ಎಂದು ಮಾರ್ಗವನ್ನು ಇಬ್ಭಾಗ ಮಾಡುವ ಕೆಲಸವನ್ನು ಕ್ಯಾಮ್ ದಂಡಕ್ಕಿಂತ ಮೊದಲೇ ಮಾಡತಕ್ಕದ್ದು.

ಎರಡನೆಯದು ಟಯರು. 50 ಮೀಟರು ತ್ರಿಜ್ಯದ ತಿರುವೊಂದನ್ನು ತೆಗೆದುಕೊಳ್ಳಿ. ಘರ್ಷಣಾಂಕ 0.8 ಇದ್ದರೆ ಜಾರದೆ ತಿರುಗಬಹುದಾದ ಗರಿಷ್ಠ ವೇಗ ಗಂಟೆಗೆ 71 ಕಿಲೋಮೀಟರು. ಒಳ್ಳೆಯ ಟಯರು ಘರ್ಷಣಾಂಕವನ್ನು 1ಕ್ಕೆ ಏರಿಸಿದರೆ ಆ ವೇಗ 80 ಆಗುತ್ತದೆ. ಅದೇ ಎಂಜಿನ್ನಿನ ಬಲವನ್ನು ನೂರಕ್ಕೆ ಇಪ್ಪತ್ತರಂತೆ ಹೆಚ್ಚಿಸಿದರೂ ಗರಿಷ್ಠ ವೇಗ ಹೆಚ್ಚುವುದು ನೂರಕ್ಕೆ ಆರು ಮಾತ್ರ. ಗಾಳಿಯ ತಡೆಯನ್ನು ಮೀರಲು ಬೇಕಾದ ಬಲ ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುವುದೇ ಇದಕ್ಕೆ ಕಾರಣ. ತಿರುವಿನಿಂದ ಹೊರಬರುವಾಗಿನ ಜಿಗಿತಕ್ಕೆ ಎಂಜಿನ್ನಿನ ಬಲ ಬೇಕೆಂಬುದು ನಿಜ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಟಯರು ಓಡುವಾಗಲೂ ಉಪಕಾರಿ, ತಿರುಗುವಾಗಲೂ ಉಪಕಾರಿ, ನಿಲ್ಲುವಾಗಲೂ ಉಪಕಾರಿ. ಅಶ್ವಶಕ್ತಿಗೆ ಈ ಗುಣವಿಲ್ಲ.

ಆದರೆ ಒಂದು ಎಚ್ಚರಿಕೆ. ಹಿಡಿತ ಹೆಚ್ಚಿದರೆ ಆ ಬಲವನ್ನು ಹೊರುವ ಅವಯವಗಳಿಗೂ ಶ್ರಮ ಹೆಚ್ಚು. ನಮ್ಮ ವಿದ್ಯಾರ್ಥಿಯ ಕಾರಿಗೆ ಸೈಕಲ್ಲಿನ ಹಾಗೆ ತಂತಿಯ ಅರಗಳುಳ್ಳ ಚಕ್ರಗಳಿವೆ. ನೋಡಲು ಅವುಗಳಿಗಿಂತ ಚೆಲುವಾದ ಚಕ್ರ ಇನ್ನೊಂದಿಲ್ಲ. ಪಂದ್ಯದ ಟಯರು ಹಾಕಿ ತಿರುಗಿಸಿದರೆ ಅವುಗಳ ಅರಗಳು ಸಡಿಲಗೊಳ್ಳುತ್ತವೆ, ಮುರಿಯುತ್ತವೆ. ತೆಗೆದು ಉಕ್ಕಿನ ಚಕ್ರ ಹಾಕೆಂದು ಬರೆದೆವು. ಅದಕ್ಕೆ ಚಕ್ರದ ಗುಂಬಗಳನ್ನೂ ಬದಲಿಸಬೇಕಾಗುವುದರಿಂದ ಖರ್ಚು ಕಡಮೆಯಲ್ಲ. ಈ ಒಂದು ಸಲಹೆಗೆ ಮಾತ್ರ ಅವರು ಸ್ವಲ್ಪ ಮುನಿಸಿಕೊಂಡಂತೆ ಕಂಡಿತು.

ತಿರುವಿನ ಹಿಡಿತ ಎಂಜಿನ್ನಿನ ಹೊಟ್ಟೆಯನ್ನೂ ಕಲಕುತ್ತದೆ ಎಂಬುದನ್ನು ಬಹಳ ಮಂದಿ ಅರಿಯರು. ಘರ್ಷಣಾಂಕ 1 ಎಂದರೆ ಪಕ್ಕಕ್ಕೆ ಸೆಳೆಯುವ ಬಲ ಭೂಮಿಯ ಆಕರ್ಷಣೆಗೆ ಸಮ. ಆಗ ತಳದ ತೊಟ್ಟಿಯಲ್ಲಿರುವ ಎಣ್ಣೆಯ ಮೇಲ್ಮೈ 45 ಡಿಗ್ರಿ ಓರೆಯಾಗಿ ಒಂದು ಪಕ್ಕಕ್ಕೆ ಏರಿ ನಿಲ್ಲುತ್ತದೆ. ಎಣ್ಣೆಯನ್ನು ಹೀರುವ ಬಾಯಿ ಬರಿದಾಗಿ ಗಾಳಿಯನ್ನು ಹೀರುತ್ತದೆ. ಬೇರಿಂಗಿಗೂ ದಂಡಕ್ಕೂ ನಡುವೆ ಇರುವ ಕೂದಲೆಳೆಯಷ್ಟೂ ದಪ್ಪವಿಲ್ಲದ ಎಣ್ಣೆಯ ಪದರ ಹರಿದು, ಲೋಹಕ್ಕೆ ಲೋಹ ತಾಗಿ, ಕೆಲವು ಸೆಕೆಂಡುಗಳಲ್ಲಿ ಎಂಜಿನ್ನು ಹಾಳು. ತೊಟ್ಟಿಯೊಳಗೆ ನಾಲ್ಕಾರು ತಗಡಿನ ತಡಿಕೆಗಳನ್ನು ಬೆಸೆದರೆ ಎಣ್ಣೆ ಹಾಗೆ ಓಡದು. ಎಂಜಿನ್ನಿಗಾಗಿ ನಾವು ಒಪ್ಪಿದ ಮೊದಲನೆಯ ವೆಚ್ಚ ಇದು. ಬಲ ಹೆಚ್ಚಿಸುವುದಕ್ಕಲ್ಲ, ಇರುವ ಬಲ ಕೊನೆಯ ಸುತ್ತಿನ ವರೆಗೆ ಇರಲೆಂದು.

ಇದಕ್ಕೆ ಇತಿಹಾಸದಲ್ಲಿಯೇ ನಿದರ್ಶನವುಂಟು. 1963ರಲ್ಲಿ ಫ್ರಾನ್ಸಿನ ಲೆ ಮಾನ್ ಊರಿನ 24 ಗಂಟೆಗಳ ಓಟಕ್ಕೆ ಪ್ಯಾಡಿ ಹಾಪ್‌ಕರ್ಕ್ ಮತ್ತು ಆಲನ್ ಹಚೆಸನ್ ಎಂಬವರು ಒಂದು ಎಂ.ಜಿ.ಬಿ.ಯನ್ನು ಒಯ್ದರು. ಓಟ ಇನ್ನೂ ಪ್ರಾರಂಭದಲ್ಲಿರುವಾಗಲೇ ಕಾರು ಮರಳಿನಲ್ಲಿ ಹೂತುಕೊಂಡಿತು. ಹಚೆಸನ್ ಒಂದು ಗಂಟೆಗೂ ಮಿಕ್ಕಿ ಮರಳನ್ನು ತೋಡಿ ಅದನ್ನು ಹೊರಗೆ ತೆಗೆದರು. ಅಷ್ಟು ಕಾಲ ಕಳೆದುಕೊಂಡರೂ ಕಾರು ಹನ್ನೆರಡನೆಯದಾಗಿ ಓಟವನ್ನು ಮುಗಿಸಿ ತನ್ನ ವರ್ಗದಲ್ಲಿ ಗೆದ್ದಿತು. ಅದಕ್ಕಿಂತ ಎಷ್ಟೋ ಬಲವುಳ್ಳ ಕಾರುಗಳು ಅಷ್ಟು ಹೊತ್ತಿಗೆ ಹೊಗೆಯುಗುಳಿ ಮೂಲೆ ಸೇರಿದ್ದವು.

ಕಾರಿನ ಒಡಲಿನ ಬಗ್ಗೆ ಎರಡು ಮಾತು. ಎಂ.ಜಿ.ಬಿ.ಗೆ ಪ್ರತ್ಯೇಕವಾದ ಚೌಕಟ್ಟಿಲ್ಲ; ತಗಡಿನ ಒಡಲೇ ಅದರ ಬೆನ್ನೆಲುಬು. ಬಾಗಿಲುಗಳ ಕೆಳಗಿನ ಪೆಟ್ಟಿಗೆಯಾಕಾರದ ತೊಲೆಗಳು ಭಾರವನ್ನು ಹೊರುತ್ತವೆ, ಮತ್ತು ತುಕ್ಕು ಮೊದಲು ತಿನ್ನುವುದೂ ಅವುಗಳನ್ನೇ. ಹೊಳೆಯುವ ಬಣ್ಣವನ್ನು ನಂಬದೆ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಬೇಕು. ಟಣ್ ಎಂದರೆ ಸರಿ, ದಪ್ ಎಂದರೆ ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು. ಚಾಲಕನನ್ನು ಸುತ್ತುವರಿಯುವ ಉಕ್ಕಿನ ಕೊಳವೆಯ ಪಂಜರವನ್ನು ತುಕ್ಕು ಹಿಡಿದ ತಳಕ್ಕೆ ಬೆಸೆದರೆ, ಮಗುಚಿದಾಗ ಪಂಜರ ತಳವನ್ನು ಹರಿದುಕೊಂಡು ಬರುತ್ತದೆ.

ಕೊನೆಯದು ಕೊರಳು. ಇದನ್ನು ಬರೆಯುವಾಗ ನಮ್ಮ ಕೈ ಸ್ವಲ್ಪ ನಿಧಾನಿಸುತ್ತದೆ. 1956ರಲ್ಲಿ ಪೀಟ್ ಸ್ನೆಲ್ ಎಂಬ ಹವ್ಯಾಸಿ ಪಂದ್ಯಗಾರನು, ಆ ಕಾಲಕ್ಕೆ ಉತ್ತಮವೆನಿಸಿದ್ದ ಶಿರಸ್ತ್ರಾಣವನ್ನು ಧರಿಸಿದ್ದೂ, ತಲೆಗೆ ಬಿದ್ದ ಪೆಟ್ಟಿನಿಂದ ತೀರಿಕೊಂಡನು. ಮರುವರ್ಷ ಆತನ ಹೆಸರಿನಲ್ಲಿ ಹುಟ್ಟಿದ ಸಂಸ್ಥೆಯೇ ಇಂದು ಶಿರಸ್ತ್ರಾಣಗಳನ್ನು ಪರೀಕ್ಷಿಸಿ ಮುದ್ರೆಯೊತ್ತುತ್ತದೆ. ಆದರೆ ತಲೆ ಉಳಿದರೂ ಕೊರಳು ಉಳಿಯದಿರಬಹುದು. ಪಟ್ಟಿಗಳು ಎದೆಯನ್ನು ಆಸನಕ್ಕೆ ಬಿಗಿದಿರುತ್ತವೆ, ತಲೆಯನ್ನು ಹಿಡಿಯುವವರಿಲ್ಲ. ತಲೆಯೂ ಶಿರಸ್ತ್ರಾಣವೂ ಸೇರಿ 6 ಕಿಲೋಗ್ರಾಂ ಎನ್ನೋಣ. ಗೋಡೆಗೆ ತಾಗಿ ನಿಲ್ಲುವಾಗಿನ ವೇಗಕ್ಷಯ ಭೂಮ್ಯಾಕರ್ಷಣೆಯ 50ರಷ್ಟಾದರೆ, ಕೊರಳನ್ನು 300 ಕಿಲೋಗ್ರಾಂ ಭಾರ ಜಗ್ಗಿದಂತೆ ಆಗುತ್ತದೆ. 1981ರಲ್ಲಿ ಒಹಾಯೊದ ಮಿಡ್-ಒಹಾಯೊ ಪಥದಲ್ಲಿ, ನಮ್ಮ ವಿದ್ಯಾರ್ಥಿ ಓಡಿಸಬೇಕೆಂದಿರುವ ಪಥವೇ ಅದು, ಪ್ಯಾಟ್ರಿಕ್ ಜಾಕ್‌ಮಾರ್ ಎಂಬ ಪಂದ್ಯಗಾರನು ಕಾರನ್ನು ಪರೀಕ್ಷಿಸುತ್ತಿರುವಾಗ ಹೀಗೆ ಮಡಿದನು. ಆತನ ಗೆಳೆಯ ಜಿಮ್ ಡೌನಿಂಗ್ ತನ್ನ ಭಾವಮೈದುನನೂ ಮಿಷಿಗನ್ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನೂ ಆಗಿದ್ದ ರಾಬರ್ಟ್ ಹಬ್ಬರ್ಡನ ಬಳಿ ಈ ಪ್ರಶ್ನೆಯನ್ನು ಇಟ್ಟನು. ಹಬ್ಬರ್ಡನು ಮಾಡಿದ ಉಪಾಯ ಸರಳ. ಭುಜಗಳ ಮೇಲೆ, ಪಟ್ಟಿಗಳ ಅಡಿಯಲ್ಲಿ ಕೂರುವ ಗಟ್ಟಿಯಾದ ಒಂದು ಕೊರಳಪಟ್ಟಿ. ಅದರಿಂದ ಶಿರಸ್ತ್ರಾಣಕ್ಕೆ ಎರಡು ಬಿಗಿಯಾದ ಎಳೆಗಳು. ಎದೆ ನಿಂತಾಗ ತಲೆಯೂ ನಿಲ್ಲುತ್ತದೆ. ಪಂದ್ಯಗಾರರು ಇಕ್ಕಟ್ಟೆಂದು ಬಹಳ ಕಾಲ ಇದನ್ನು ದೂರವಿಟ್ಟರು. 2001ರಲ್ಲಿ ಡೇಟೋನಾದಲ್ಲಿ ಪ್ರಸಿದ್ಧನಾದ ಡೇಲ್ ಅರ್ನ್‌ಹಾರ್ಟ್ ಸತ್ತ ಮೇಲೆ ಅಮೆರಿಕದವರ ಕಣ್ಣು ತೆರೆಯಿತು. 2003ರಿಂದ ಫಾರ್ಮುಲಾ ಒಂದರಲ್ಲಿಯೂ ಅದು ಕಡ್ಡಾಯವಾಯಿತು. ಹುಟ್ಟಿದ ಉಪಕರಣ ಕೊರಳಿಗೆ ಏರಲು ಇಪ್ಪತ್ತು ವರ್ಷ! ಆ ಇಪ್ಪತ್ತು ವರ್ಷವೂ ಹೊಸ ಹೊಸ ಎಂಜಿನ್ನುಗಳಿಗೆ ಕೊರತೆಯಿರಲಿಲ್ಲ.

ನಮ್ಮ ಓದುಗರಲ್ಲಿ ಎಂ.ಜಿ.ಬಿ.ಯನ್ನು ಕೊಳ್ಳುವವರು ಅಪರೂಪ. ಆದರೆ ಹಳೆಯ ಕಾರನ್ನೋ ಮೋಟಾರು ಸೈಕಲನ್ನೋ ಕೊಂಡು, ಹೊಗೆಕೊಳವೆಯನ್ನು ಬದಲಿಸಿ ಗುಡುಗಿಸಿಕೊಂಡು, ನಡುರಾತ್ರಿಯಲ್ಲಿ ಬೆಂಗಳೂರಿನ ಮೇಲುಸೇತುವೆಗಳ ಮೇಲೆ ಪಂದ್ಯ ಕಟ್ಟುವ ತರುಣರು ಅಪರೂಪವಲ್ಲ. ಅವರೊಡನೆ ನಮಗೆ ಜಗಳವಿರುವುದು ವೇಗದ ಆಸೆಗಾಗಿ ಅಲ್ಲ. ಆ ಆಸೆ ನಮಗೂ ಇದೆ. ವಾಟ್ಕಿನ್ಸ್ ಗ್ಲೆನ್ನಿನ ಜಗಲಿಯ ಮೇಲೆ ನಿಂತಿದ್ದ ಬಾಲಕನ ಜಾಗದಲ್ಲಿ ಅವರು ಯಾರನ್ನೋ ನಿಲ್ಲಿಸುತ್ತಿದ್ದಾರೆ, ಅವನನ್ನು ಕೇಳದೆಯೇ. ಮದರಾಸಿನವರು ಎಂದೋ ಶೋಲಾವರದ ಯುದ್ಧಕಾಲದ ವಿಮಾನಪಥದಲ್ಲಿ ಓಡಿಸಿ, 1990ರಲ್ಲಿ ಇರುಂಗಾಟ್ಟುಕೋಟೆಯಲ್ಲಿ ಸರಿಯಾದ ಪಥವನ್ನೇ ಕಟ್ಟಿಕೊಂಡರು, ಕೊಯಮತ್ತೂರಿನಲ್ಲಿಯೂ ಒಂದಿದೆ. ಹವ್ಯಾಸಿಗಳಿಗೂ ದಿನಗಳನ್ನು ಗೊತ್ತುಮಾಡಿ ಅಲ್ಲಿ ಬಿಡುವುದುಂಟು. ಬೆಂಗಳೂರಿನಿಂದ ಎರಡೂ ಒಂದು ಹಗಲಿನ ದಾರಿ. ಅಲ್ಲಿಗೆ ಹೋದವನ ಗಾಡಿಯಲ್ಲಿ ಪರೀಕ್ಷಕರು ಕೇಳುವ ಮೊದಲನೆಯ ಪ್ರಶ್ನೆ ಅಶ್ವಶಕ್ತಿಯದಲ್ಲ.

ನಮ್ಮ ವಿದ್ಯಾರ್ಥಿಯಿಂದ ಕಳೆದ ತಿಂಗಳು ಮತ್ತೊಂದು ಪತ್ರ ಬಂದಿದೆ. ತೊಲೆಗಳಲ್ಲಿ ಎಡಗಡೆಯದು ದಪ್ ಎಂದಿತಂತೆ; ಬೆಸುಗೆ ನಡೆಯುತ್ತಿದೆ. ಬ್ರೇಕಿನ ಮಾರ್ಗ ಎರಡಾಗಿದೆ. ಹಣವೆಲ್ಲ ಮುಗಿದುದರಿಂದ ಎಂಜಿನ್ನನ್ನು ಮುಟ್ಟಿಲ್ಲ, 95 ಅಶ್ವಶಕ್ತಿಯೊಡನೆಯೇ ವಸಂತದಲ್ಲಿ ಶಿಕ್ಷಣ ಶಿಬಿರಕ್ಕೆ ಹೋಗುವರಂತೆ. ತಂತಿಯ ಚಕ್ರಗಳನ್ನು ಮಾರಲು ಮನಸ್ಸಾಗದೆ ಮನೆಯ ಗೋಡೆಗೆ ತೂಗುಹಾಕಿದ್ದಾರೆ.